ಬ್ಲಾಕ್ ಕೇಳಿ ಪಡೆಯಿರಿ

ಮೆದುಳಿನ ಗೆಡ್ಡೆ ಆಪರೇಷನ್ ಆದವರ ಮನೆಯಿಂದ ಫೋನ್ ಬಂದರೆ ನಾನು ಮೊದಲು ಕೇಳುವ ಮಾತು, ಬ್ಲಾಕ್ ಎಲ್ಲಿದೆ? ಹೆಚ್ಚಿನವರಿಗೆ ಅದೇನೆಂದೇ ಗೊತ್ತಿರುವುದಿಲ್ಲ. ತಲೆಯಿಂದ ತೆಗೆದ ಗೆಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟಿಗೆ ಕೂರಿಸಿರುತ್ತಾರೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ನಂಬರು. ಅದನ್ನು ತೆಳ್ಳಗೆ ಹೆರೆದು ಸ್ಲೈಡ್ ಮಾಡುತ್ತಾರೆ. ಮುಂದಿನ ಪರೀಕ್ಷೆಗಳಿಗೆಲ್ಲ ಅದೇ ಆಧಾರ.

ನಾವು ಬಳ್ಳಾರಿ ಕಡೆಯವರು. ನಮ್ಮ ಯಜಮಾನರಿಗೆ ಸ್ಟೀಲ್ ಪ್ಲಾಂಟಿನಲ್ಲಿ ಕೆಲಸ, ಹಾಗಾಗಿ ನಾನಿರುವುದು ವಿಶಾಖಪಟ್ಟಣದ ಉಕ್ಕುನಗರದಲ್ಲಿ. ತಮ್ಮ ವಿಜಯವಾಡದಲ್ಲಿದ್ದ. ಅಲ್ಲೇ ಅವನಿಗೆ ಫಿಟ್ಸ್ ಬಂದದ್ದು, ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆದದ್ದು. ಆಪರೇಷನ್ ಮಾಡಿದ ಡಾಕ್ಟರ ಕೆಲಸಕ್ಕೆ ಹೆಸರಿಡಲಾರೆ. ಆದರೆ ಡಿಸ್ಚಾರ್ಜ್ ದಿನ ಕೈಗೆ ಬಂದ ಬಯಾಪ್ಸಿ ರಿಪೋರ್ಟಿನಲ್ಲಿದ್ದದ್ದು ಒಂದೂವರೆ ಸಾಲು: ಹೈ ಗ್ರೇಡ್ ಗ್ಲಯೋಮಾ, ಗ್ರೇಡ್ 4. ಐಡಿಎಚ್, ಎಂಜಿಎಂಟಿ ಎಂಬ ಎರಡು ಜೀನ್‌ಗಳ ಸುದ್ದಿಯೂ ಇಲ್ಲ.

ಈ ಎರಡು ಹೆಸರು ಯಾಕೆ ಮುಖ್ಯ ಎಂದರೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವರ್ಗೀಕರಣದ ಪ್ರಕಾರ ಐಡಿಎಚ್ ನೋಡದೆ ದೊಡ್ಡವರ ಗೆಡ್ಡೆಯನ್ನು ಗ್ಲಯೋಬ್ಲಾಸ್ಟೋಮಾ ಎಂದು ಕರೆಯುವಂತೆಯೇ ಇಲ್ಲ. ಗ್ರೇಡ್ 4 ಆಗಿದ್ದರೂ ಐಡಿಎಚ್ ಬದಲಾವಣೆ ಇದ್ದರೆ ಅದು ಬೇರೆ ರೋಗ, ಸಾಮಾನ್ಯವಾಗಿ ಹೆಚ್ಚು ಕಾಲ ಕೊಡುವ ರೋಗ. ಇನ್ನು ಎಂಜಿಎಂಟಿ. ಟೆಮೊಜೊಲೊಮೈಡ್ ಮಾತ್ರೆ ಗೆಡ್ಡೆಯ ಕಣಕ್ಕೆ ಮಾಡಿದ ಹಾನಿಯನ್ನು ರಿಪೇರಿ ಮಾಡುವ ಜೀನ್ ಇದು. ಅದು ಬಂದ್ ಆಗಿದ್ದರೆ ಮಾತ್ರೆಗೆ ಬಲ ಹೆಚ್ಚು. 2005ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಬರೀ ರೇಡಿಯೇಷನ್ ಪಡೆದವರ ಮಧ್ಯಮ ಆಯುಷ್ಯ 12.1 ತಿಂಗಳು, ಜೊತೆಗೆ ಈ ಮಾತ್ರೆಯನ್ನೂ ತಗೊಂಡವರದು 14.6. ಇಷ್ಟಕ್ಕೇನಾ ಇಷ್ಟೆಲ್ಲ ಎನಿಸುತ್ತದೆ. ಆದರೆ ಎರಡು ವರ್ಷ ದಾಟಿದವರ ಲೆಕ್ಕ ನೋಡಿ: ಶೇಕಡ 10.4 ಇದ್ದದ್ದು 26.5ಕ್ಕೆ ಏರಿತ್ತು. ನಮ್ಮವರು ಆ ಗುಂಪಿಗೆ ಸೇರಬಹುದೇ ಎಂಬ ಅಂದಾಜಿಗಾದರೂ ಬ್ಲಾಕ್ ಬೇಕು.

ಲ್ಯಾಬಿನ ಕಿಟಕಿಯಲ್ಲಿ ಕೇಳಿದರೆ "ರಿಪೋರ್ಟ್ ಇಚ್ಚಾಂ ಕದಮ್ಮಾ, ಇಂಕೇಂ ಕಾವಾಲಿ?" ಎಂದರು. ರಿಪೋರ್ಟ್ ಕೊಟ್ಟಾಯ್ತು, ಇನ್ನೇನು ಬೇಕು ಅಂತ. ಜಗಳದಿಂದ ಕೆಲಸ ಆಗಲಿಲ್ಲ, ಕಾಗದದಿಂದ ಆಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಡಿಸ್ಚಾರ್ಜ್ ಆದ 72 ಗಂಟೆಯೊಳಗೆ ದಾಖಲೆಗಳ ಪ್ರತಿ ಕೊಡಬೇಕು, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು ಎಂದಿದೆ. ಅದರ ಪ್ರಿಂಟ್ ತೆಗೆದು, ಸೆಕೆಂಡ್ ಒಪಿನಿಯನ್‌ಗೆ ಬ್ಲಾಕ್ ಬೇಕು ಎಂದು ಅರ್ಜಿ ಬರೆದು, ಮೆಡಿಕಲ್ ಸೂಪರಿಂಟೆಂಡೆಂಟ್ ಕಚೇರಿಯಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡೆ. ವಿಜಯವಾಡದ ಮೇ ತಿಂಗಳ ಬಿಸಿಲು ಗೊತ್ತಲ್ಲ. "ಕಾರಿನಲ್ಲಿ ಬಿಟ್ಟು ಹೋಗಬೇಡಿ, ಮೇಣ ಮೆತ್ತಗಾದೀತು" ಎಂದು ಟೆಕ್ನಿಷಿಯನ್ ಹುಡುಗಿಯೇ ಎಚ್ಚರಿಸಿದಳು. ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ಅದು ಟಿಫಿನ್ ಚೀಲದೊಳಗೆ, ಮೊಸರನ್ನದ ಡಬ್ಬಿಯ ಪಕ್ಕದಲ್ಲಿ ಬಂತು.

ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿದ್ದು ವಿಶಾಖಪಟ್ಟಣದಲ್ಲೇ. ನಮ್ಮ ಪಕ್ಕದ ಅಗನಂಪೂಡಿಯಲ್ಲಿ ಟಾಟಾ ಮೆಮೋರಿಯಲ್ ಸೆಂಟರ್‌ನ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆ ಇದೆ. ದೂರದ ಊರಿನಲ್ಲಿ ಆರು ವಾರ ಬಾಡಿಗೆ ಮನೆ ಹಿಡಿಯುವುದು ಎಷ್ಟು ಮನೆಗಳನ್ನು ಚಿಕಿತ್ಸೆಯ ನಡುವೆಯೇ ಸುಸ್ತು ಮಾಡುತ್ತದೆ ಎಂಬುದನ್ನು ನೋಡಿದವಳು ನಾನು. ಹತ್ತಿರದಲ್ಲಿ ಆಸ್ಪತ್ರೆ ಇರುವುದೇ ಅರ್ಧ ಔಷಧ.

ಬ್ಲಾಕಿನ ಪರೀಕ್ಷೆಯ ಫಲಿತಾಂಶ ನಮಗೆ ಅನುಕೂಲವಾಗಿ ಬರಲಿಲ್ಲ. ಐಡಿಎಚ್ ಬದಲಾವಣೆ ಇರಲಿಲ್ಲ, ಎಂಜಿಎಂಟಿ ಬಂದ್ ಆಗಿರಲಿಲ್ಲ. ಆದರೂ ತಿಳಿದದ್ದು ಒಳ್ಳೆಯದೇ ಆಯಿತು. ಮಾತ್ರೆ ಮುಂದುವರಿಸಿದೆವು. ಬೆವಸಿಜುಮ್ಯಾಬ್ ಇಂಜೆಕ್ಷನ್ ಹಾಕಿಸಿದರೆ ಗೆಡ್ಡೆ ಕರಗುತ್ತೆ ಎಂದು ಸಂಬಂಧಿಕರು ಹೊಲ ಮಾರುವ ಮಾತು ತೆಗೆದಾಗ ಡಾಕ್ಟರನ್ನೇ ನೇರ ಕೇಳಿದೆವು. ಹೊಸದಾಗಿ ಪತ್ತೆಯಾದವರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಟ್ರಯಲ್‌ಗಳಲ್ಲಿ ಅದು ಆಯುಷ್ಯ ಹೆಚ್ಚಿಸಲಿಲ್ಲ, ಊತ ಇಳಿಸಲು ಮಾತ್ರ ಕೆಲವರಿಗೆ ಉಪಯೋಗ ಎಂದರು. ಹೊಲ ಉಳಿಯಿತು. ತಮ್ಮ ಉಳಿಯಲಿಲ್ಲ. ಅವನ ಮಕ್ಕಳ ಫೀಸು ಈಗ ಆ ಹೊಲದಿಂದಲೇ ನಡೆಯುತ್ತಿದೆ.

ಸಂಶೋಧನೆಯೆಂದರೆ ಅಮೆರಿಕದ್ದು ಎಂದುಕೊಂಡಿದ್ದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆ, ಮನೆಯವರ ಒಪ್ಪಿಗೆಯಿಂದ ಬಂದ ಮೆದುಳನ್ನು ಸಂಶೋಧನೆಗೆ ಕಾಪಾಡುತ್ತಾರೆ. ದೇಶದಲ್ಲಿ ನಡೆಯುವ ಟ್ರಯಲ್‌ಗಳ ಪಟ್ಟಿ, ಅಂದರೆ ಸಿಟಿಆರ್‌ಐ, 2007ರಿಂದ ಎಲ್ಲರಿಗೂ ತೆರೆದಿದೆ. ಐಡಿಎಚ್ ಬದಲಾವಣೆ ಇರುವ ಗ್ರೇಡ್ 2 ಗೆಡ್ಡೆಗೆ ವೊರಾಸಿಡೆನಿಬ್ ಎಂಬ ಮಾತ್ರೆಗೆ 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಇಂಥದ್ದು ಇಲ್ಲಿಗೆ ಬಂದಾಗ, ಪರೀಕ್ಷೆಯೇ ಆಗದವರು ಕೇಳುವುದಾದರೂ ಹೇಗೆ?

ಟ್ರಯಲ್ ಎಂದರೆ ಇಲಿಯ ಮೇಲಿನ ಪ್ರಯೋಗ ಎಂಬ ಹೆದರಿಕೆ ನಮ್ಮವರಲ್ಲಿ ಇನ್ನೂ ಇದೆ. 2019ರ ನಿಯಮದ ಪ್ರಕಾರ ಟ್ರಯಲ್ ನಡುವೆ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಲೇಬೇಕು. ಒಪ್ಪಿಗೆ ಪತ್ರ ತೆಲುಗಿನಲ್ಲೋ ಕನ್ನಡದಲ್ಲೋ ಬೇಕು ಎಂದು ಕೇಳಿ, ಮನೆಗೆ ತಂದು ಓದಿ, ಓಡಾಟದ ಖರ್ಚು ಯಾರದು ಎಂದು ವಿಚಾರಿಸಿ, ಆಮೇಲೆ ಸಹಿ ಹಾಕಿ ಎನ್ನುತ್ತೇನೆ.

ವಿಜಯವಾಡದಿಂದ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ಚಿಕಿತ್ಸೆಗೆಂದು ಬೆಂಗಳೂರಿಗೆ ಹೊರಟವರಿಗೆ ಇನ್ನೊಂದು ಮಾತು. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ರೈಲ್ವೆ ಪೂರ್ತಿ ರಿಯಾಯಿತಿ ಕೊಡುತ್ತದೆ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡ 75. ಅದರ ಫಾರಂಗೆ ಡಾಕ್ಟರ ಸಹಿ ಬೇಕು. ಬ್ಲಾಕ್ ಕೇಳಲು ಹೋದ ದಿನವೇ ಅದನ್ನೂ ಮಾಡಿಸಿಕೊಳ್ಳಿ, ಅದಕ್ಕೆಂದೇ ಇನ್ನೊಮ್ಮೆ ಅಲೆಯುವುದು ತಪ್ಪುತ್ತದೆ.