ಮೂಲದ ಕಾಗದ: ಮುಕ್ತ ವ್ಯಾಪಾರವೂ ಸಣ್ಣ ಬೆಳೆಗಾರನ ದಫ್ತರವೂ



ಹೊರದೇಶದೊಡನೆ ಮುಕ್ತ ವ್ಯಾಪಾರ ಒಪ್ಪಂದವಾಯಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂದ ಮರುದಿನವೇ ನಮ್ಮ ಸಂಘದ ಕಚೇರಿಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಸೆಕ್ರೆಟರಿ ಸಾಹೇಬ್ರ, ಇದರಿಂದ ನಮ್ಮ ಅಡಕಿ ರೇಟು ಇಳಿತೈತೋ, ಏರತೈತೋ?" ಪ್ರಶ್ನೆ ನ್ಯಾಯವಾದುದೇ. ಆದರೆ ಒಪ್ಪಂದದ ಸುದ್ದಿಯೊಂದನ್ನೇ ಓದಿ ಇದಕ್ಕೆ ಉತ್ತರ ಕೊಡಲು ಬರುವುದಿಲ್ಲ. ಒಪ್ಪಂದಕ್ಕೆ ಸಹಿ ಬೀಳುವುದು ಒಂದು ದಿನದ ಕೆಲಸ. ಅದನ್ನು ಜಾರಿಗೆ ತರುವುದು ಬಂದರಿನ ಸುಂಕದ ಕಟ್ಟೆಯಲ್ಲಿ, ಪ್ರಮಾಣಪತ್ರ ಬರೆಯುವ ಮೇಜಿನಲ್ಲಿ, ಕೊನೆಗೆ ನಮ್ಮ ನಿಮ್ಮ ಪಹಣಿಯಲ್ಲಿ ವರ್ಷಗಟ್ಟಲೆ ನಡೆಯುವ ಆಡಳಿತದ ಕೆಲಸ. ಧಾರಣೆಯನ್ನು ಹೆಚ್ಚಾಗಿ ತೀರ್ಮಾನಿಸುವುದು ಈ ಎರಡನೆಯ ಕೆಲಸವೇ ಎಂಬುದು ನಮ್ಮ ಅಭಿಪ್ರಾಯ. ಈ ಪಾಠದ ವಿಷಯವೂ ಅದೇ.

ಗಳಗನಾಥದ ಬಂಧುಗಳಿಗೆ ಇದನ್ನು ವಿವರಿಸುವುದು ಸುಲಭ. ಸಾಗರ ಸೀಮೆಯ ವರದಾಮೂಲದಲ್ಲಿ ಹುಟ್ಟಿದ ವರದೆ ಗಳಗೇಶ್ವರ ಗುಡಿಯ ಬಳಿ ತುಂಗಭದ್ರೆಯನ್ನು ಕೂಡುತ್ತಾಳೆ. ಸಂಗಮದ ಕೆಳಗೆ ಒಂದು ಕೊಡ ನೀರು ತುಂಬಿಕೊಂಡು, ಇದರಲ್ಲಿ ಅಡಿಕೆ ಸೀಮೆಯ ವರದೆ ಎಷ್ಟು, ಕಾಫಿ ಸೀಮೆಯಿಂದ ಇಳಿದುಬಂದ ತುಂಗಭದ್ರೆ ಎಷ್ಟು ಎಂದು ಕೇಳಿದರೆ ಹೇಳಬಲ್ಲವರಿಲ್ಲ. ಸುಲಿದು ಒಣಗಿಸಿ ಚೀಲಕ್ಕೆ ತುಂಬಿದ ಅಡಿಕೆಯೂ ಹಾಗೆಯೇ. ಶ್ರೀಲಂಕಾದ್ದೋ ಇಂಡೋನೇಷ್ಯಾದ್ದೋ ಎಂಬುದನ್ನು ಕಣ್ಣಿನಿಂದ ನೋಡಿ ನಿರ್ಧರಿಸುವುದು ಕಷ್ಟ. ಆದುದರಿಂದ ಸರಕಿನ ಜೊತೆಗೆ ಒಂದು ಕಾಗದ ಬರಬೇಕಾಗುತ್ತದೆ. ಅದಕ್ಕೆ ಮೂಲ ಪ್ರಮಾಣಪತ್ರ ಎಂದು ಹೆಸರು.

ಸುಂಕದ ಅಧಿಕಾರಿ ಹೊರಗಿನಿಂದ ಬಂದ ಸರಕಿನ ಮುಂದೆ ನಿಂತು ಮುಖ್ಯವಾಗಿ ಮೂರು ಸಂಗತಿ ನೋಡುತ್ತಾನೆ. ಸರಕು ಯಾವುದು, ಅದರ ಬೆಲೆ ಎಷ್ಟು, ಅದು ಬೆಳೆದ ನೆಲ ಯಾವುದು. ಸರಕು ಯಾವುದೆಂಬುದಕ್ಕೆ ಜಗತ್ತಿನ ಬಹುತೇಕ ದೇಶಗಳು ಒಪ್ಪಿದ ಒಂದು ಸಂಖ್ಯೆಯ ಪಟ್ಟಿ ಇದೆ. ಅದರಲ್ಲಿ ಅಡಿಕೆ 0802ರಲ್ಲಿ, ಕಾಫಿ 0901ರಲ್ಲಿ ಬರುತ್ತದೆ. ಸಂಖ್ಯೆ ಬದಲಾದರೆ ಸುಂಕವೂ ಬದಲಾಗುತ್ತದೆ, ನಿಬಂಧನೆಯೂ ಬದಲಾಗುತ್ತದೆ. ಬೆಲೆಯೆಂದರೆ ಸರಕು, ವಿಮೆ, ಹಡಗಿನ ಬಾಡಿಗೆ ಎಲ್ಲ ಸೇರಿ ನಮ್ಮ ಬಂದರಿನಲ್ಲಿ ಬೀಳುವ ಬೆಲೆ. ಬೆಳೆದ ನೆಲದ ಪ್ರಶ್ನೆಗೆ ಉತ್ತರ ಮೇಲೆ ಹೇಳಿದ ಪ್ರಮಾಣಪತ್ರ.

ಈಗ ಲೆಕ್ಕಕ್ಕೆ ಬರೋಣ. ಇದನ್ನು ದಯವಿಟ್ಟು ಪೆನ್ಸಿಲ್ ಹಿಡಿದು ಓದಬೇಕೆಂದು ಕೋರುತ್ತೇವೆ. ಅಡಿಕೆಯ ಮೇಲಿನ ಮೂಲ ಆಮದು ಸುಂಕ ನೂರಕ್ಕೆ 100. ಇದಲ್ಲದೆ ಕೇಂದ್ರ ಸರಕಾರ ಕನಿಷ್ಠ ಆಮದು ಬೆಲೆಯನ್ನೂ ಗೊತ್ತುಮಾಡಿದೆ. 2017ರಲ್ಲಿ ಅದು ಕಿಲೋಗೆ 251 ರೂಪಾಯಿ ಇತ್ತು. 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿತು. ಇದಕ್ಕಿಂತ ಕಡಿಮೆ ಬೆಲೆಯ ಅಡಿಕೆಯನ್ನು ತರುವುದಕ್ಕೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಿಷೇಧವಿದೆ. ಉಪಕರಗಳನ್ನು ಬದಿಗಿಟ್ಟು ನೋಡಿದರೂ 351 ರೂಪಾಯಿ ಬೆಲೆ, ಅದರ ಮೇಲೆ ಅಷ್ಟೇ ಸುಂಕ, ಒಟ್ಟು 702 ರೂಪಾಯಿಗಿಂತ ಕೆಳಗೆ ಪರದೇಶದ ಅಡಿಕೆ ಇಲ್ಲಿ ಇಳಿಯುವಂತಿಲ್ಲ. ಕ್ವಿಂಟಾಲಿಗೆ 70,200. ಇದು ಗಟ್ಟಿಯಾದ ಬೇಲಿಯೇ ಸರಿ.

ಆದರೆ ಅದೇ ಸರಕಿಗೆ ಒಪ್ಪಂದದ ಪ್ರಕಾರ ಪೂರ್ಣ ಸುಂಕ ರಿಯಾಯಿತಿ ಸಿಕ್ಕಿತೆಂದು ಇಟ್ಟುಕೊಳ್ಳಿ. ಆಗ ಉಳಿಯುವುದು 351 ಮಾತ್ರ. ಹತ್ತು ಟನ್ನಿನ ಒಂದು ಲೋಡಿಗೆ ವ್ಯತ್ಯಾಸ 35 ಲಕ್ಷ 10 ಸಾವಿರ ರೂಪಾಯಿ; ಅದಕ್ಕೆ ಕಾರಣ ಒಂದು ಹಾಳೆ ಕಾಗದ! ಇಷ್ಟು ಬೆಲೆಬಾಳುವ ಕಾಗದವನ್ನು ಖೋಟಾ ಮಾಡಲು ಜನ ಹುಟ್ಟದಿರುತ್ತಾರೆಯೇ? ಶ್ರೀಲಂಕಾದೊಡನೆ ನಮ್ಮ ಒಪ್ಪಂದ 1998ರ ಡಿಸೆಂಬರಿನಲ್ಲಿ ಸಹಿಯಾಗಿ 2000ದ ಮಾರ್ಚಿನಿಂದ ಜಾರಿಯಲ್ಲಿದೆ. ಬೇರೆ ದೇಶದ ಅಡಿಕೆಗೆ ಶ್ರೀಲಂಕಾದ ಮೂಲಪತ್ರ ಅಂಟಿಸಿ ಸುಂಕ ತಪ್ಪಿಸಿದ ಪ್ರಕರಣಗಳನ್ನು ಕಂದಾಯ ಗುಪ್ತಚರ ನಿರ್ದೇಶನಾಲಯದವರು ಹಿಡಿದಿದ್ದಾರೆ.

ಇನ್ನೊಂದು ಸೂಕ್ಷ್ಮವನ್ನು ನಮ್ಮಲ್ಲಿ ಅನೇಕರು ಗಮನಿಸಿಲ್ಲ. ಲೆಕ್ಕಕ್ಕಾಗಿ, ಹೊರದೇಶದಲ್ಲಿ ಕಿಲೋಗೆ 200 ರೂಪಾಯಿಗೆ ಸಿಕ್ಕಿದ ಅಡಿಕೆಗೆ ವ್ಯಾಪಾರಿ ಕಾಗದದಲ್ಲಿ 351 ಎಂದು ಬರೆದನೆನ್ನೋಣ. ಪೂರ್ಣ ಸುಂಕವಿದ್ದರೆ ಆ ಸುಳ್ಳಿನ ಮೇಲೂ ಅವನು 351 ರೂಪಾಯಿ ಸುಂಕ ಕಟ್ಟಬೇಕು. ಸರಕು ಅವನಿಗೆ 551ಕ್ಕೆ ಬೀಳುತ್ತದೆ. ಸುಂಕವೇ ಇಲ್ಲದಿದ್ದರೆ ಬೆಲೆ ಹೆಚ್ಚು ಬರೆದರೂ ಖರ್ಚಿಲ್ಲ, 200ಕ್ಕೇ ಬೀಳುತ್ತದೆ. ಅಂದರೆ ಕನಿಷ್ಠ ಆಮದು ಬೆಲೆಯೆಂಬ ಬೇಲಿ ಸುಂಕದ ಗೂಟದ ಮೇಲೆ ನಿಂತಿದೆ, ಸುಂಕದ ಗೂಟ ಮೂಲಪತ್ರದ ಸತ್ಯದ ಮೇಲೆ ನಿಂತಿದೆ. ಕನಿಷ್ಠ ಬೆಲೆ ಏರಿಸಿ ಎಂದು ಮನವಿ ಕೊಟ್ಟು ಫೋಟೋ ತೆಗೆಸಿಕೊಂಡು ಬರುವ ಮುಖಂಡರು ಮೂಲಪತ್ರದ ಪರಿಶೀಲನೆಯ ಬಗ್ಗೆಯೂ ಒಂದು ಸಾಲು ಬರೆದಿದ್ದರೆ ಚೆನ್ನಾಗಿತ್ತು.

ಸರಕಾರ ಈ ದಿಕ್ಕಿನಲ್ಲಿ ಕೆಲಸ ಮಾಡಿಲ್ಲವೆಂದಲ್ಲ. 2020ರಲ್ಲಿ ಸುಂಕದ ಕಾಯಿದೆಗೆ 28ಡಿಎ ಎಂಬ ಹೊಸ ಕಲಮು ಸೇರಿತು. ಅದರ ಬೆನ್ನಿಗೇ ಆ ವರ್ಷದ ಸೆಪ್ಟೆಂಬರ್ 21ರಿಂದ ಮೂಲ ನಿಯಮಗಳ ಆಡಳಿತ ಹೇಗಿರತಕ್ಕದ್ದೆಂಬ ನಿಯಮಾವಳಿ ಜಾರಿಗೆ ಬಂತು. ಅದರ ಸಾರ ಇಷ್ಟು: ಹೊರದೇಶದ ಪ್ರಮಾಣಪತ್ರ ತೋರಿಸಿದ ಮಾತ್ರಕ್ಕೆ ರಿಯಾಯಿತಿ ಸಿದ್ಧಿಸುವುದಿಲ್ಲ, ಸರಕು ನಿಜವಾಗಿ ಆ ದೇಶದ್ದೆಂಬುದಕ್ಕೆ ಬೇಕಾದ ಮಾಹಿತಿ ತರಿಸಿಕೊಳ್ಳುವವನ ಕೈಯಲ್ಲೇ ಇರಬೇಕು, ಐದು ವರ್ಷ ಅದನ್ನು ಕಾಪಾಡಿ ಕೇಳಿದಾಗ ಹಾಜರುಪಡಿಸಬೇಕು. ಅನುಮಾನ ಬಂದರೆ ಅಧಿಕಾರಿ ಪತ್ರ ಕೊಟ್ಟ ದೇಶಕ್ಕೇ ಬರೆದು ವಿಚಾರಿಸಬಹುದು. ಬೇರೆಡೆ ಬೆಳೆದುದನ್ನು ತಂದು ಆರಿಸಿ, ಚೀಲ ಬದಲಿಸಿದ ಮಾತ್ರಕ್ಕೆ ಅದು ಆ ದೇಶದ ಸರಕಾಗುವುದಿಲ್ಲ.

ಬಾಗಿಲು ಮುಚ್ಚಿದರೆ ಕಿಟಕಿಯ ದಾರಿ ಹುಡುಕುವವರು ಇದ್ದೇ ಇರುತ್ತಾರೆ. ಅಡಿಕೆಯನ್ನು ಹುರಿದು, ಇದು 0802 ಅಲ್ಲ, 20ನೆಯ ಅಧ್ಯಾಯದ ಬೇರೆ ಸರಕು ಎಂದು ವಾದಿಸಿದ್ದು ಅಂಥದೊಂದು ಕಿಟಕಿ. 2025ರ ಏಪ್ರಿಲಿನಲ್ಲಿ ಹುರಿದ ಅಡಿಕೆಗೂ 351 ರೂಪಾಯಿಯ ಮಿತಿ ಹಾಕಲಾಯಿತು. ಭೂತಾನದ ವಿಚಾರ ಬೇರೆ. ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು 2022ರಲ್ಲಿ ಸರಕಾರವೇ ಒಪ್ಪಿಗೆ ಕೊಟ್ಟಿತು. ಮಲೆನಾಡಿನಲ್ಲಿ ಅದಕ್ಕೆ ವಿರೋಧ ಎದ್ದುದು ನಿಮಗೆಲ್ಲ ಗೊತ್ತಿದೆ.

ಇಲ್ಲಿಯವರೆಗೆ ಹೊರಗಿನಿಂದ ಬರುವ ಸರಕಿನ ಮಾತಾಯಿತು. ಹೊರಗೆ ಹೋಗುವ ಸರಕಿಗೂ ಇದೇ ನ್ಯಾಯ. ಮಲೆನಾಡಿನ ಕಾಫಿ ಬೆಳೆಗಾರ ಸದಸ್ಯರು ಇದನ್ನು ಹೆಚ್ಚು ಗಮನಿಸಬೇಕು. ಹಿಂದೆ ಕಾಫಿ ಮಂಡಳಿಯ ಪೂಲಿಗೆ ಕಾಫಿ ಹಾಕಿದರೆ ಬೆಳೆಗಾರನ ಜವಾಬ್ದಾರಿ ಮುಗಿಯುತ್ತಿತ್ತು. ಹಣ ಕಂತಿನಲ್ಲಿ ತಡವಾಗಿ ಬರುತ್ತಿತ್ತೆಂಬ ದೂರು ಇದ್ದರೂ ಕಾಗದಪತ್ರದ ತಲೆನೋವು ಮಂಡಳಿಯದಾಗಿತ್ತು. 1994ರಲ್ಲಿ ಸಣ್ಣ ಬೆಳೆಗಾರರಿಗೆ, 1996ರಲ್ಲಿ ಎಲ್ಲರಿಗೂ ಪೂಲಿನ ಕಟ್ಟು ಬಿಟ್ಟುಹೋಯಿತು. ಮಾರುವ ಸ್ವಾತಂತ್ರ್ಯದ ಜೊತೆಗೆ ದಫ್ತರವೂ ನಮ್ಮ ತಲೆಗೆ ಬಂತು. 2010ರ ಜನವರಿಯಿಂದ ಜಾರಿಗೆ ಬಂದ ಆಸಿಯಾನ್ ಒಪ್ಪಂದದಲ್ಲಿ ಕಾಫಿ ಮೇಲಿನ ನಮ್ಮ ಸುಂಕ ಹಂತಹಂತವಾಗಿ 100ರಿಂದ 45ಕ್ಕೂ ಕರಿಮೆಣಸಿನದು 70ರಿಂದ 50ಕ್ಕೂ ಇಳಿಯಿತು. ಅತ್ತ 2022ರ ಮೇ ತಿಂಗಳಿಂದ ಅರಬ್ ಸಂಯುಕ್ತ ಸಂಸ್ಥಾನಗಳೊಡನೆ, 2025ರ ಅಕ್ಟೋಬರಿನಿಂದ ಸ್ವಿಟ್ಜರ್ಲೆಂಡ್, ನಾರ್ವೆ ಮೊದಲಾದ ನಾಲ್ಕು ದೇಶಗಳ ಕೂಟದೊಡನೆ ಒಪ್ಪಂದಗಳು ಜಾರಿಯಲ್ಲಿವೆ. ಅಲ್ಲಿ ರಿಯಾಯಿತಿ ಬೇಕೆಂದರೆ ನಮ್ಮ ಸರಕಿನ ಮೂಲವನ್ನು ನಾವು ರುಜುವಾತುಪಡಿಸಬೇಕು.

ಯುರೋಪಿನ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ಕಾನೂನು ಒಪ್ಪಂದವಲ್ಲ, ಅವರದೇ ಶಾಸನ. ಕಾಫಿ ಬೆಳೆದ ಜಮೀನು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ್ದಾಗಿರಬಾರದು, ಆ ಜಮೀನಿನ ಅಕ್ಷಾಂಶ ರೇಖಾಂಶ ತಿಳಿಸಬೇಕು ಎಂಬುದು ಅದರ ಷರತ್ತು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟಕ್ಕೆ ಸುತ್ತಳತೆಯ ನಕ್ಷೆ ಬೇಕು. ಚಿಕ್ಕದಕ್ಕೆ ಒಂದು ಬಿಂದು ಸಾಕು. ಜಾರಿಯ ದಿನವನ್ನು ಎರಡು ಬಾರಿ ಮುಂದೂಡಿದ್ದಾರೆ. ಮುಂದೂಡಿದ್ದನ್ನು ರದ್ದಾಯಿತೆಂದು ತಿಳಿದು ಕೈಕಟ್ಟಿ ಕೂರಬಾರದು. ಅಲ್ಲಿಗೆ ಮಾರುವ ಕಾಫಿಯ ಜಮೀನು ಆ ದೇಶದ ಭೂಕಾನೂನಿಗೂ ಸರಿಯಿರಬೇಕೆಂಬ ಮಾತು ಅದರಲ್ಲಿದೆ. ತೀರಿಹೋದ ಅಜ್ಜನ ಹೆಸರಿನಲ್ಲೇ ಪಹಣಿ ಇಟ್ಟುಕೊಂಡು ಮೂರು ಮನೆಯವರು ತೋಟ ಮಾಡುತ್ತಿರುವ ಕುಟುಂಬಗಳಿಗೆ ಕಷ್ಟ ಬರುವುದು ಇಲ್ಲಿಯೇ. ಪೌತಿ ಖಾತೆ ಮಾಡಿಸಿಕೊಳ್ಳುವ ಕೆಲಸ ಈಗ ಊರಿನ ಚಾವಡಿಯ ಕೆಲಸವಷ್ಟೇ ಅಲ್ಲ, ರಫ್ತಿನ ಕೆಲಸವೂ ಆಗಿದೆ.

ಬಯಲು ಸೀಮೆಯ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಬಂಧುಗಳಿಗೆ ತೊಡಕು ಬೇರೆ ರೀತಿಯದು. ಹೊಲ ಹೋಗಿ ತೋಟವಾಗಿದೆ. ಗಿಡ ಫಲಕ್ಕೆ ಬಂದಿದೆ. ಆದರೆ ಪಹಣಿಯ ಬೆಳೆ ಕಾಲಮ್ಮಿನಲ್ಲಿ ಇನ್ನೂ ಗೋವಿನಜೋಳ ನಿಂತಿರುವುದುಂಟು. ಸರಕಾರದ ಲೆಕ್ಕದಲ್ಲಿ ಅಂಥವರು ಅಡಿಕೆ ಬೆಳೆಗಾರರೇ ಅಲ್ಲ. ಇನ್ನು ಖೇಣಿಯ ಪದ್ಧತಿ. ಹಸಿ ಗೊನೆಯನ್ನು ಮರದ ಮೇಲೆಯೇ ಖೇಣಿದಾರನಿಗೆ ಕೊಟ್ಟು ಕೈ ತೊಳೆದುಕೊಂಡರೆ ನಿಮ್ಮ ಅಡಿಕೆಯ ಗುರುತು ನಿಮ್ಮ ಬೇಲಿಯಲ್ಲೇ ಕೊನೆಯಾಗುತ್ತದೆ. ಅವನು ಹತ್ತು ಊರಿನ ಗೊನೆಯನ್ನು ಒಂದೇ ಹಂಡೆಯಲ್ಲಿ ಬೇಯಿಸುತ್ತಾನೆ. ಖೇಣಿ ಕೊಡಬಾರದೆಂದು ನಾವು ಹೇಳುವುದಿಲ್ಲ. ಆಳು ಸಿಗದ ಕಾಲದಲ್ಲಿ, ಒಲೆ ಹೂಡುವ ಜಾಗವಿಲ್ಲದ ಮನೆಯವರಿಗೆ ಅದೊಂದು ಅನುಕೂಲ. ಆದರೆ ಸರ್ವೆ ನಂಬರು, ತೂಕ, ದರ, ತಾರೀಖು ಬರೆದ ಒಂದು ಚೀಟಿಗೆ ಅವನ ರುಜು ಹಾಕಿಸಿಕೊಳ್ಳಲು ಅಡ್ಡಿಯೇನು?

ಹೆಸರಿಗೆ ಬೆಲೆ ಇದೆಯೆಂಬುದನ್ನು ನಮ್ಮ ನೆರೆಯ ಬ್ಯಾಡಗಿಯಿಂದಲೇ ಕಲಿಯಬಹುದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ, ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆದರೆ ಗುರುತಿನ ನೋಂದಣಿ ಒಂದು ಹಕ್ಕು ಮಾತ್ರ. ಬ್ಯಾಡಗಿ ಪೇಟೆಗೆ ಬಂದ ಕಾಯಿಯೆಲ್ಲ ಬ್ಯಾಡಗಿ ತಳಿಯದಲ್ಲವೆಂಬುದನ್ನು ಅಲ್ಲಿಯ ದಲ್ಲಾಲರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಚೀಲದಿಂದ ಹೊಲದವರೆಗೆ ಹಿಂದಕ್ಕೆ ಹೋಗಬಲ್ಲ ಲೆಕ್ಕವಿದ್ದವನಿಗೆ ಮಾತ್ರ ಆ ಹಕ್ಕು ದುಡ್ಡಾಗುತ್ತದೆ.

ಇದಕ್ಕೆಲ್ಲ ಸಲಹೆ ಕೊಡುವವರು ಯಾರು? ದೊಡ್ಡ ಕಂಪನಿಗಳು ಶುಲ್ಕ ಕೊಟ್ಟು ಸಲಹೆಗಾರರನ್ನು ಇಟ್ಟುಕೊಳ್ಳುತ್ತವೆ. ಎರಡು ಎಕರೆಯವನಿಗೆ ಅದು ಆಗದ ಮಾತು. 2023ರ ವಿದೇಶಿ ವ್ಯಾಪಾರ ನೀತಿ ಪ್ರತಿ ಜಿಲ್ಲೆಯನ್ನೂ ರಫ್ತು ಕೇಂದ್ರವಾಗಿಸುವ ಮಾತಾಡುತ್ತದೆ. ಅದಕ್ಕೆ ಜಿಲ್ಲಾ ಮಟ್ಟದ ರಫ್ತು ಉತ್ತೇಜನ ಸಮಿತಿಯ ವ್ಯವಸ್ಥೆ ಇದೆ. ಜಿಲ್ಲಾ ಕೈಗಾರಿಕಾ ಕೇಂದ್ರ, ಬೆಂಗಳೂರಿನ ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರ, ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಪ್ರಾದೇಶಿಕ ಕಚೇರಿ, ಕಾಫಿಗೆ ಕಾಫಿ ಮಂಡಳಿ, ಇವೆಲ್ಲ ಇವೆ. ಆದರೆ ಈ ಕಚೇರಿಗಳು ಒಬ್ಬೊಬ್ಬ ರೈತನ ಮನೆ ಬಾಗಿಲಿಗೆ ಬರಲಾರವು, ರೈತನೂ ಒಂದೊಂದು ಕಾಗದಕ್ಕೆ ಒಂದೊಂದು ಮೆಟ್ಟಿಲು ಹತ್ತಲಾರ. ನಡುವೆ ನಿಂತು ಆ ಕೆಲಸ ಮಾಡುವುದೇ ಸಹಕಾರ ಸಂಘದ ಧರ್ಮ. 1973ರಲ್ಲಿ ಕ್ಯಾಂಪ್ಕೋ ಹುಟ್ಟಿದ್ದು ಧಾರಣೆ ಕುಸಿದಾಗ ಕೊಳ್ಳುವವರಿಲ್ಲವೆಂಬ ಕಷ್ಟದಿಂದ. ಈಗಿನ ಕಷ್ಟಕ್ಕೆ ತಕ್ಕಡಿಯ ಜೊತೆಗೆ ದಫ್ತರವೂ ಬೇಕಾಗಿದೆ.

ಸದಸ್ಯರು ಈ ಹಂಗಾಮಿಗೆ ಮಾಡಬೇಕಾದುದು ಹೆಚ್ಚೇನಿಲ್ಲ. ಪಹಣಿ ತೆಗೆಸಿ ಹೆಸರು ಮತ್ತು ಬೆಳೆ ಎರಡೂ ಸರಿಯಿದೆಯೇ ನೋಡಿಕೊಳ್ಳಿ. ಬೆಳೆ ಸಮೀಕ್ಷೆಯಲ್ಲಿ ತಪ್ಪಿದ್ದರೆ ಆಕ್ಷೇಪಣೆಯ ಅವಧಿಯೊಳಗೆ ಅರ್ಜಿ ಕೊಡಿ. ಸಂಘಕ್ಕೆ ಮಾಲು ತರುವಾಗ ಬೇರೆಯವರ ಅಡಿಕೆಯನ್ನು ನಿಮ್ಮ ಖಾತೆಯಲ್ಲಿ ಹಾಕಬೇಡಿ, ಸ್ವಂತ ಅಳಿಯನದಾದರೂ ಸರಿ. ಎಲ್ಲಕ್ಕಿಂತ ಮುಖ್ಯವಾಗಿ ಖರ್ಚಿನ ಪುಸ್ತಕ ಬರೆಯಿರಿ. ಬೋರ್‌ವೆಲ್ ಕೊರೆಸಿದ್ದು, ಮೋಟಾರು ಸುಟ್ಟಿದ್ದು, ಡ್ರಿಪ್ ಪೈಪು, ಗೊಬ್ಬರ, ಕೊನೆಗಾರನ ಕೂಲಿ, ಸುಲಿಯುವ ಕೂಲಿ, ಬೇಯಿಸುವ ಸೌದೆ. ಕನಿಷ್ಠ ಆಮದು ಬೆಲೆಯ ವಾದಕ್ಕೆ ಆಧಾರ ಉತ್ಪಾದನಾ ವೆಚ್ಚ. ಹಳ್ಳದ ನೀರು ಹರಿಯುವ ಮಲೆನಾಡಿನ ತೋಟದ ಖರ್ಚೇ ಬೇರೆ, ಎಂಟುನೂರು ಅಡಿ ಕೊರೆದು ನೀರು ಎತ್ತುವ ನಮ್ಮ ಖರ್ಚೇ ಬೇರೆ. ನಮ್ಮ ಕಡೆಯ ಲೆಕ್ಕ ಬರೆದಿಟ್ಟವರು ಇಲ್ಲದಿದ್ದರೆ ಮುಂದಿನ ಮನವಿಯಲ್ಲಿ ಮಲೆನಾಡಿನ ಅಂಕಿಯೇ ನಮ್ಮ ಅಂಕಿಯಾಗಿ ಹೋಗುತ್ತದೆ.

ಪುಸ್ತಕ ಹೇಗೆ ಬರೆಯಬೇಕೆಂದು ತಿಳಿಯದವರು ಕಚೇರಿಯ ವೇಳೆಯಲ್ಲಿ ಬಂದರೆ ಮೊದಲ ಪುಟವನ್ನು ನಾವೇ ಗೆರೆ ಹಾಕಿ ಕೊಡುತ್ತೇವೆ. ಬರುವಾಗ ಪಹಣಿಯ ಪ್ರತಿ, ಕಳೆದ ವರ್ಷದ ಮಾರಾಟದ ಪಟ್ಟಿ, ಖೇಣಿ ಕೊಟ್ಟವರು ಖೇಣಿದಾರನ ಚೀಟಿ ತರತಕ್ಕದ್ದು.