ತರಬೇತಿ ಮುಗಿಯಿತು, ಚೀಟಿ ಬದಲಾಯಿತೇ?

ಲಿಂಗತ್ವ ಅಲ್ಪಸಂಖ್ಯಾತರಿಗೆ, ಸಲಿಂಗಿಗಳಿಗೆ ತಾರತಮ್ಯವಿಲ್ಲದೆ ಚಿಕಿತ್ಸೆ ಕೊಡುವುದು ಹೇಗೆಂದು ಕಲಿಸುವ ಆನ್‌ಲೈನ್ ತರಬೇತಿಗಳು ಈಗ ಬೇಕಾದಷ್ಟಿವೆ. ನರ್ಸಿಂಗ್ ಹೋಮ್‌ಗಳು ಸಿಬ್ಬಂದಿಯಿಂದ ಅವನ್ನು ಮಾಡಿಸುತ್ತಲೂ ಇವೆ. ಆದರೆ ಹಲವು ಕಡೆ ಆಗುವುದು ಇಷ್ಟೇ: ಒಬ್ಬ ವೈದ್ಯರು, ಇಬ್ಬರು ಸಿಸ್ಟರ್‌ಗಳು ಮೊಬೈಲ್‌ನಲ್ಲಿ ವಿಡಿಯೊ ಓಡಿಸಿ, ಕೊನೆಯ ಪ್ರಶ್ನೆಗಳಿಗೆ ಗುರುತು ಹಾಕಿ, ಸರ್ಟಿಫಿಕೇಟ್ ಇಳಿಸಿಕೊಂಡು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ. ಮರುದಿನ ಚೀಟಿ ಮಾಡುವ ಕಿಟಕಿಯಲ್ಲಿ ಮತ್ತೆ ಅದೇ ಫಾರಂ, ಅದೇ ಮಾತು. ಕಲಿತದ್ದು ರೋಗಿಗೆ ತಲುಪಬೇಕಾದರೆ ಮಾಡಬೇಕಾದ್ದು ಏನೇನು ಎಂಬುದು ಇಲ್ಲಿದೆ.

ಹಿನ್ನೆಲೆ ಚುಟುಕಾಗಿ: ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟದ್ದು 1990ರಲ್ಲಿ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಬಂದದ್ದು 2014ರಲ್ಲಿ, ಸಲಿಂಗ ಸಂಬಂಧ ಅಪರಾಧವಲ್ಲ ಎಂದ 377ನೇ ಸೆಕ್ಷನ್ ಕುರಿತ ತೀರ್ಪು 2018ರಲ್ಲಿ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2019ರ ಕಾಯ್ದೆ ಆರೋಗ್ಯ ಸೇವೆಯಲ್ಲಿ ತಾರತಮ್ಯವನ್ನು ನಿಷೇಧಿಸಿತು. ವೈದ್ಯಕೀಯ ಪಠ್ಯವನ್ನು ಮರುಪರಿಶೀಲಿಸಬೇಕು ಎಂದೂ ಹೇಳಿತು. ಹಾಗಿದ್ದೂ 2024ರ ಆಗಸ್ಟ್ ಕೊನೆಯಲ್ಲಿ ಹೊರಬಿದ್ದ ವೈದ್ಯಕೀಯ ಪಠ್ಯಕ್ರಮದಲ್ಲಿ ಹೆಣ್ಣು ಹೆಣ್ಣಿನ ಸಂಬಂಧವನ್ನು ‘ಅಸಹಜ ಅಪರಾಧ’ಗಳ ಪಟ್ಟಿಗೆ ಸೇರಿಸಲಾಗಿತ್ತು. ವಿರೋಧ ಬಂದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ಹೀಗಿರುವಾಗ ಕಾಲೇಜಿನಲ್ಲಿ ಕಲಿತದ್ದೇ ಸಾಕು ಎಂದು ಯಾರೂ ಹೇಳುವಂತಿಲ್ಲ.

ಹಂತ 1: ಯಾರು ಕೂರಬೇಕು?

ವೈದ್ಯರಷ್ಟೇ ಅಲ್ಲ. ಗೇಟಿನ ಸೆಕ್ಯುರಿಟಿ, ಚೀಟಿ ಬರೆಯುವವರು, ಲ್ಯಾಬ್ ಟೆಕ್ನಿಷಿಯನ್, ಔಷಧಿ ಕೌಂಟರಿನವರು, ವಾರ್ಡಿನ ಆಯಾ, ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಆಶಾ ಕಾರ್ಯಕರ್ತೆ, ಎಲ್ಲರೂ. ರೋಗಿ ವೈದ್ಯರ ಮುಂದೆ ಕೂರುವುದು ಐದು ನಿಮಿಷ; ಉಳಿದ ಎರಡು ಗಂಟೆ ಇವರ ಕೈಯಲ್ಲೇ ಇರುತ್ತಾರೆ. ಇಂಗ್ಲಿಷ್ ವಿಡಿಯೊ ಅರ್ಥವಾಗದವರಿಗೆ ನೋಡಿದ ಸಿಸ್ಟರ್ ಒಬ್ಬರು ಅರ್ಧ ಗಂಟೆ ಕನ್ನಡದಲ್ಲಿ ಹೇಳಿಕೊಟ್ಟರೂ ಸಾಕು.

ಹಂತ 2: ಕೋರ್ಸ್ ಆಯ್ಕೆ

ಬಾಸ್ಟನ್‌ನ ಫೆನ್‌ವೇ ಇನ್‌ಸ್ಟಿಟ್ಯೂಟ್‌ನವರ ಪಾಠಗಳು ಈ ವಿಷಯದಲ್ಲಿ ಹೆಸರುವಾಸಿ. ಹಲವನ್ನು ಉಚಿತವಾಗಿ ನೋಡಬಹುದು. ಹಾರ್ಮೋನ್ ಚಿಕಿತ್ಸೆ, ಎಚ್‌ಐವಿ ತಡೆ, ಕ್ಯಾನ್ಸರ್ ತಪಾಸಣೆಯ ಭಾಗಗಳನ್ನು ಗಮನವಿಟ್ಟು ನೋಡಿ. ಅಮೆರಿಕದ ವಿಮೆ, ಅಲ್ಲಿನ ಕಾನೂನಿನ ಭಾಗ ನಮಗೆ ಬೇಡ. ಅದರ ಜಾಗದಲ್ಲಿ ನಮ್ಮ 2019ರ ಕಾಯ್ದೆ, 2017ರ ಮಾನಸಿಕ ಆರೋಗ್ಯ ಕಾಯ್ದೆ, 2017ರ ಎಚ್‌ಐವಿ ಕಾಯ್ದೆ, ರಾಜ್ಯದ 2017ರ ಲಿಂಗತ್ವ ಅಲ್ಪಸಂಖ್ಯಾತರ ನೀತಿ ಇವನ್ನು ಓದಿಕೊಳ್ಳಿ.

ಕೋರ್ಸ್ ಸೇರುವ ಮುನ್ನ ಮೂರು ವಿಷಯ ನೋಡಿ: ಪಾಠ ಮಾಡುವವರಲ್ಲಿ ಸಮುದಾಯದವರು ಇದ್ದಾರೆಯೇ? ಭಾರತದ ರೋಗಿಗಳ ಉದಾಹರಣೆಗಳಿವೆಯೇ? ಪಾಠದ ನಂತರ ಪ್ರಶ್ನೆ ಕೇಳಲು ಅವಕಾಶವಿದೆಯೇ? ಕ್ರೆಡಿಟ್ ಅಂಕ ಬೇಕಾದ ವೈದ್ಯರು ಅದಕ್ಕೆ ರಾಜ್ಯ ವೈದ್ಯಕೀಯ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಒಂದು ಎಚ್ಚರಿಕೆ. ‘ಮನಸ್ಸು ಬದಲಾಯಿಸುತ್ತೇವೆ’, ‘ಸರಿಮಾಡುತ್ತೇವೆ’ ಎನ್ನುವ ಯಾವ ಕೋರ್ಸನ್ನೂ ಮುಟ್ಟಬೇಡಿ. ಇಂಥ ‘ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದು ಘೋಷಿಸಿದೆ. ಮಗನನ್ನೋ ಮಗಳನ್ನೋ ಕರೆತಂದು ‘ಏನಾದರೂ ಮಾಡಿ ಡಾಕ್ಟ್ರೇ’ ಎಂದು ಅಳುವ ತಂದೆತಾಯಿಗೆ ಇದನ್ನು ಮೃದುವಾಗಿ, ಆದರೆ ಖಚಿತವಾಗಿ ಹೇಳುವುದು ವೈದ್ಯರ ಕರ್ತವ್ಯ.

ಹಂತ 3: ಸಮಯ

ರಾತ್ರಿ ಪಾಳಿ ಮುಗಿಸಿ ಕಣ್ಣೆಳೆಯುವಾಗ ಪಾಠ ತಲೆಗೆ ಹತ್ತುವುದಿಲ್ಲ. ಡ್ಯೂಟಿ ಸಮಯದಲ್ಲೇ, ಐದಾರು ಮಂದಿಯ ಗುಂಪು ಮಾಡಿ, ವಾರಕ್ಕೊಂದು ಪಾಠದಂತೆ ನೋಡಿಸಿ. ಪ್ರತಿ ಪಾಠ ಮುಗಿದಾಗಲೂ ‘ನಮ್ಮಲ್ಲಿ ಬದಲಾಗಬೇಕಾದ ಒಂದು ಸಂಗತಿ ಏನು?’ ಎಂದು ಕೇಳಿ ಬರೆದಿಡಿ.

ಹಂತ 4: ಹೆಸರು ಕರೆಯುವುದು

ತರಬೇತಿ ಪಡೆದವರೂ ಎಡವುವುದು ಇಲ್ಲೇ. ಆದ್ದರಿಂದ ಇದನ್ನು ಬಿಡಿಸಿ ಹೇಳಲೇಬೇಕು.

ಹೊರರೋಗಿ ವಿಭಾಗ, ಬೆಳಿಗ್ಗೆ ಹನ್ನೊಂದು ಗಂಟೆ. ಬೆಂಚುಗಳ ತುಂಬ ಜನ. ಸೀರೆಯುಟ್ಟು, ಹೂ ಮುಡಿದು ಕೂತವರೊಬ್ಬರ ಆಧಾರ್‌ನಲ್ಲಿ ಇನ್ನೂ ಹಳೆಯ ಹೆಸರೇ ಇದೆ. ‘ಮಂಜುನಾಥ! ಯಾರ್ರೀ ಮಂಜುನಾಥ?’ ಎಂದು ಕೂಗು ಬರುತ್ತದೆ. ಎದ್ದರೆ ಇಡೀ ಸಾಲು ತಿರುಗಿ ನೋಡುತ್ತದೆ; ಏಳದಿದ್ದರೆ ಸರದಿ ಹೋಯಿತು. ಹೀಗೆ ಕರೆಸಿಕೊಂಡವರು ಕೆಲವೊಮ್ಮೆ ಏಳುವುದೇ ಇಲ್ಲ, ಸೆರಗು ಸರಿಮಾಡಿಕೊಂಡು ಸೀದಾ ಗೇಟಿನತ್ತ ನಡೆಯುತ್ತಾರೆ. ಮುಂದೆ ಅವರು ಆಸ್ಪತ್ರೆಗೆ ಬರುವುದು ಕಾಯಿಲೆ ಉಲ್ಬಣಿಸಿದ ಮೇಲೆ. ಒಳಗೆ ಎಂಥ ಒಳ್ಳೆಯ ವೈದ್ಯರು ಕಾದು ಕೂತಿದ್ದರೂ ಆಗ ಏನು ಬಂತು?

ಪರಿಹಾರಕ್ಕೆ ಖರ್ಚಿಲ್ಲ. ನೋಂದಣಿ ಫಾರಂನಲ್ಲಿ ಎರಡು ಸಾಲು ಮಾಡಿ: ‘ಗುರುತಿನ ಚೀಟಿಯಲ್ಲಿರುವ ಹೆಸರು’ ಮತ್ತು ‘ಕರೆಯಬೇಕಾದ ಹೆಸರು’. ‘ನಿಮ್ಮನ್ನು ಯಾವ ಹೆಸರಿನಿಂದ ಕರೆಯಲಿ?’ ಎಂದು ಬಂದವರನ್ನೆಲ್ಲ ಕೇಳಿ. ಅನುಮಾನ ಬಂದವರನ್ನಷ್ಟೇ ಕೇಳಿದರೆ ಅದು ಬೆರಳು ತೋರಿಸಿದಂತೆ. ಎಲ್ಲರನ್ನೂ ಟೋಕನ್ ನಂಬರಿನಿಂದಲೇ ಕರೆಯುವ ಪದ್ಧತಿ ಇನ್ನೂ ಒಳ್ಳೆಯದು. ಅಣ್ಣ, ಅಕ್ಕ ಎಂದು ನಿಮ್ಮ ಊಹೆಯ ಮೇಲೆ ಕರೆಯಬೇಡಿ. ಅವರು ಒಪ್ಪಿದ ಹೆಸರು, ಜತೆಗೆ ಬಹುವಚನ. ಇಷ್ಟಿದ್ದರೆ ಯಾರಿಗೂ ನೋವಾಗುವುದಿಲ್ಲ.

ಕಿಟಕಿಯಲ್ಲಿ ಸರಿಯಾದರೆ ಮುಗಿಯಲಿಲ್ಲ. ಆ ಹೆಸರು ರೋಗಿಯ ಜತೆ ಆಸ್ಪತ್ರೆಯೆಲ್ಲ ಸುತ್ತಬೇಕು. ರಕ್ತದ ಸ್ಯಾಂಪಲ್ ತೆಗೆಯುವವರು, ಎಕ್ಸ್‌ರೇ ಕೋಣೆಯವರು, ಔಷಧಿ ಕೌಂಟರ್, ವಾರ್ಡಿನಲ್ಲಿ ಹಾಸಿಗೆಯ ತಲೆಯ ಬಳಿಯ ಬೋರ್ಡು, ಎಲ್ಲ ಕಡೆಯೂ ನೋಡಿ. ಕಂಪ್ಯೂಟರಿನಲ್ಲಿ ಜಾಗವಿಲ್ಲದಿದ್ದರೆ ಫೈಲಿನ ಮೇಲೆ ಕರೆಯುವ ಹೆಸರಿನ ಒಂದು ಚೀಟಿ ಅಂಟಿಸಿ. ವರದಿಯ ಎಸ್‌ಎಂಎಸ್ ಯಾರ ಮೊಬೈಲಿಗೆ ಹೋಗುತ್ತದೆ ಎಂದೂ ಕೇಳಿ. ಅಪ್ಪನ ನಂಬರಿಗೆ ಹೋದ ಒಂದು ಸಂದೇಶ ಮನೆಯಲ್ಲಿ ಬಿರುಗಾಳಿ ಎಬ್ಬಿಸಬಹುದು.

‘ಎರಡು ಹೆಸರಿದ್ದರೆ ಗೊಂದಲವಾಗಿ ತಪ್ಪು ರಕ್ತ ಏರಿಸಿಬಿಟ್ಟರೆ?’ ಎಂದು ಸಿಸ್ಟರ್‌ಗಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಗುರುತು ಖಚಿತಪಡಿಸಲು ಆಸ್ಪತ್ರೆಯ ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ ಬಳಸಿ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದಾಗಲೂ ನಾವು ಮಾಡಬೇಕಾದ್ದು ಅದನ್ನೇ. ಬಿಲ್ಲು, ವಿಮೆ, ಪೊಲೀಸ್ ಪ್ರಕರಣದ ಕಾಗದಗಳಲ್ಲಿ ಮಾತ್ರ ಗುರುತಿನ ಚೀಟಿಯ ಹೆಸರಿರಲಿ.

ಹಂತ 5: ಪರೀಕ್ಷಾ ಕೋಣೆ

ದೇಹದ ಬಗೆಗಿನ ಪ್ರಶ್ನೆಗಳನ್ನು ಕಿಟಕಿಯಲ್ಲಿ ಕೇಳಕೂಡದು. ಒಳಗೆ, ಬಾಗಿಲು ಮುಚ್ಚಿ ಕೇಳಿ. ಬಂದ ಕಾಯಿಲೆಗೆ ಬೇಕಾದಷ್ಟನ್ನೇ ಕೇಳಿ. ಕೆಮ್ಮಿಗೆ ಬಂದವರ ಬಟ್ಟೆ ಬಿಚ್ಚಿಸಿ ಜನನಾಂಗ ನೋಡುವುದು ಪರೀಕ್ಷೆಯಲ್ಲ, ಅವಮಾನ. ಒಪ್ಪಿಗೆಯಿಲ್ಲದೆ ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸುವುದೂ ಹಾಗೆಯೇ.

ಯಾವ ಅಂಗ ಇದೆಯೋ ಅದಕ್ಕೆ ತಪಾಸಣೆ, ಇದು ಮೂಲ ಸೂತ್ರ. ಗರ್ಭಕೋಶ ತೆಗೆಸದ ಟ್ರಾನ್ಸ್ ಪುರುಷರಿಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬೇಕು. ಸ್ಯಾಂಪಲ್ ಕಳಿಸುವಾಗ ಅದು ಗರ್ಭಕಂಠದ್ದು, ರೋಗಿ ಟೆಸ್ಟೊಸ್ಟೆರಾನ್ ತೆಗೆದುಕೊಳ್ಳುತ್ತಿದ್ದಾರೆ ಎಂದು ಬರೆಯಿರಿ. ಇಲ್ಲದಿದ್ದರೆ ‘ಪುರುಷ’ ಎಂದು ನೋಡಿ ಲ್ಯಾಬ್‌ನವರು ವಾಪಸ್ ಕಳಿಸಬಹುದು, ಹಾರ್ಮೋನಿನಿಂದಾದ ಬದಲಾವಣೆಯನ್ನು ರೋಗವೆಂದು ಎಣಿಸಲೂಬಹುದು. ಟ್ರಾನ್ಸ್ ಮಹಿಳೆಯರಲ್ಲಿ ಶಸ್ತ್ರಚಿಕಿತ್ಸೆಯ ನಂತರವೂ ಸಾಮಾನ್ಯವಾಗಿ ಪ್ರಾಸ್ಟೇಟ್ ಉಳಿದಿರುತ್ತದೆ. ಸಮುದಾಯದೊಳಗೆ ‘ನಿರ್ವಾಣ’ (ಜನನಾಂಗ ತೆಗೆಸುವ ಸಾಂಪ್ರದಾಯಿಕ ವಿಧಿ) ಮಾಡಿಸಿಕೊಂಡವರಿಗೆ ಮೂತ್ರನಾಳ ಕಿರಿದಾಗಿ ತೊಂದರೆಯಾಗಬಹುದು. ಅದನ್ನು ಕೇಳಿ, ಗದರಬೇಡಿ.

ಮಾತ್ರೆಗಳ ವಿಷಯವೂ ಹೀಗೆಯೇ. ಹಾರ್ಮೋನ್ ಚಿಕಿತ್ಸೆ ಕೊಡುವ ವೈದ್ಯರು ಸಿಗದೆ ಮೆಡಿಕಲ್ ಶಾಪ್‌ನಿಂದ ಗರ್ಭನಿರೋಧಕ ಮಾತ್ರೆ ತಂದು ಹೆಚ್ಚು ಹೆಚ್ಚು ನುಂಗುವ ಟ್ರಾನ್ಸ್ ಮಹಿಳೆಯರಿದ್ದಾರೆ. ಅವುಗಳಲ್ಲಿರುವ ಈಸ್ಟ್ರೊಜೆನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಒಂದು ಮೀನಖಂಡ ಊದಿ ನೋಯುತ್ತಿದೆ, ಉಸಿರು ಕಟ್ಟುತ್ತಿದೆ ಎಂದು ಬಂದವರನ್ನು ‘ಬೇರೆ ಯಾವ ಮಾತ್ರೆ ತಗೊಳ್ತಾ ಇದ್ದೀರಿ?’ ಎಂದು ಸಮಾಧಾನದಿಂದ ಕೇಳಿದರೆ ಜೀವ ಉಳಿಯಬಹುದು. ಮೊದಲ ಭೇಟಿಯಲ್ಲೇ ಬೈಸಿಕೊಂಡವರು ಎರಡನೇ ಸಲ ನಿಜ ಹೇಳುವುದಿಲ್ಲ.

ಎಚ್‌ಐವಿ ಪರೀಕ್ಷೆಗೆ ರೋಗಿಯ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು, ಇದು ಕಾನೂನು. ಟ್ರಾನ್ಸ್ ಮಹಿಳೆ ಎಂದಾಕ್ಷಣ, ಹಲ್ಲುನೋವಿಗೆ ಬಂದಿದ್ದರೂ, ಹೇಳದೆ ಕೇಳದೆ ಪರೀಕ್ಷೆಗೆ ಬರೆಯುವ ಚಾಳಿ ನಿಲ್ಲಲಿ.

ಹಂತ 6: ಸಮುದಾಯದವರನ್ನು ಕರೆಸಿ

ವಿಡಿಯೊ ಮುಗಿದ ಮೇಲೆ ಸ್ಥಳೀಯ ಸಂಘಟನೆಯವರೊಂದಿಗೆ ಒಂದು ಮಧ್ಯಾಹ್ನ ಕೂರಿ. ಅವರಿಗೆ ಗೌರವಧನ ಕೊಡಿ. ತಜ್ಞ ವೈದ್ಯರಿಗೆ ಕೊಡುವಾಗ ಇವರಿಗೆ ಚಹಾ ಬಿಸ್ಕತ್ತು ಸಾಕು ಎನ್ನುವುದು ಸರಿಯಲ್ಲ. ಅವರ ಆಪರೇಷನ್ ಬಗ್ಗೆ ಪ್ರಶ್ನೆ ಬೇಡ. ನಮ್ಮ ಆಸ್ಪತ್ರೆಯಲ್ಲಿ ಎಲ್ಲಿ ತೊಂದರೆಯಾಯಿತು ಎಂದು ಕೇಳಿ.

ಉಳಿದವು, ಸಂಕ್ಷಿಪ್ತವಾಗಿ

• ಯಾವ ವಾರ್ಡು, ಯಾವ ಶೌಚಾಲಯ ಎಂಬುದನ್ನು ರೋಗಿಯನ್ನೇ ಕೇಳಿ. ಕಾರಿಡಾರಿನಲ್ಲಿ ಮಲಗಿಸುವುದು ಪರಿಹಾರವಲ್ಲ.

• ತುರ್ತು ಸಮಯದಲ್ಲಿ ಯಾರಿಗೆ ತಿಳಿಸಬೇಕು ಎಂದು ಮೊದಲೇ ಬರೆಸಿಕೊಳ್ಳಿ. ಅವರು ರಕ್ತಸಂಬಂಧಿಯೇ ಆಗಿರಬೇಕಿಲ್ಲ, ಸಮುದಾಯದ ಗುರುವೋ ಸಂಗಾತಿಯೋ ಇರಬಹುದು.

• ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಯೋಜನೆ ಘೋಷಣೆಯಾದದ್ದು 2022ರಲ್ಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ. ನಿಮ್ಮಲ್ಲಿ ಅದು ಸಿಗುತ್ತದೆಯೇ ಎಂದು ಆರೋಗ್ಯ ಮಿತ್ರರಿಗೆ ತಿಳಿದಿರಲಿ.

• 2019ರ ಕಾಯ್ದೆಯಂತೆ ಪ್ರತಿ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಬೇಕು. ಅವರ ಹೆಸರು, ಫೋನ್ ನಂಬರ್ ಗೋಡೆಯ ಮೇಲೆ ಕಾಣಿಸಲಿ.

• ಮೂರು ತಿಂಗಳ ನಂತರ ಹಂತ 3ರಲ್ಲಿ ಬರೆದಿಟ್ಟ ಪಟ್ಟಿ ತೆಗೆದು, ಎಷ್ಟು ಆಗಿದೆ ನೋಡಿ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತರಬೇತಿ ಮತ್ತೆ ಕೊಡಿ.

ಫಾರಂಗೆ ಎರಡನೇ ಸಾಲು ಸೇರಿಸಲು ಕೋರ್ಸ್ ಮುಗಿಯುವವರೆಗೆ ಕಾಯಬೇಕಿಲ್ಲ. ಅದನ್ನು ನಾಳೆಯೇ ಮಾಡಿ.