ಬೈಲುಗದ್ದೆಯಿಂದ ತೋಟದವರೆಗೆ ಒಂದೇ ಯಂತ್ರ: ಪವರ್ ಟಿಲ್ಲರಿನ ಸರಿಯಾದ ಬಳಕೆ

ಉಡುಪಿ, ಕಾಪು, ಕಾರ್ಕಳ ತಾಲೂಕುಗಳಲ್ಲಿ ಹೆಚ್ಚಿನ ರೈತರ ಹಿಡುವಳಿ ಚಿಕ್ಕದು. ಆದರೆ ಆ ಚಿಕ್ಕ ಹಿಡುವಳಿಯಲ್ಲೇ ಎಲ್ಲ ಬಗೆಯ ನೆಲವೂ ಇರುತ್ತದೆ. ಮನೆಯ ಹಿಂದೆ ಮುರಕಲ್ಲಿನ ಗುಡ್ಡ, ಇಳಿಜಾರಿನಲ್ಲಿ ಅಡಿಕೆ ಮತ್ತು ತೆಂಗು, ಅದರ ಕೆಳಗೆ ಬೆಟ್ಟುಗದ್ದೆ, ಮತ್ತೂ ಕೆಳಗೆ ಮಜಲು, ಎಲ್ಲಕ್ಕಿಂತ ತಗ್ಗಿನಲ್ಲಿ ತೋಡಿನ ಬದಿಯ ಬೈಲು. ವರ್ಷಕ್ಕೆ 4,000 ಮಿ.ಮೀ.ಗೂ ಮಿಕ್ಕಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಏಣೇಲು ಬೆಳೆಯ ಉಳುಮೆ ನಡೆಯಬೇಕಾದುದೂ ಇದೇ ಮಳೆಯಲ್ಲಿ. ಕಾರ್ಕಳದ ಮಿಯ್ಯಾರು, ಕಾಪು ತಾಲೂಕಿನ ಕಟಪಾಡಿಯ ಕಂಬಳಗಳಲ್ಲಿ ಕೋಣಗಳನ್ನು ಇಂದಿಗೂ ಕಾಣಬಹುದು. ಆದರೆ ಗದ್ದೆ ಹೂಡುವ ಕೋಣ ಮತ್ತು ಎತ್ತು ಅಪರೂಪವಾಗಿವೆ. ಆದುದರಿಂದ ಕೆಸರು, ಇಳಿಜಾರು, ಒಣನೆಲ ಮೂರಕ್ಕೂ ಒದಗುವ ಯಂತ್ರ ಯಾವುದು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಕೆಸರಿನಲ್ಲಿ ಯಂತ್ರ ಹೂಳುವುದೇಕೆ?

ಕೆನಡಾ ಮುಂತಾದ ದೇಶಗಳಲ್ಲಿ ನೀರು, ನೆಲ ಎರಡರಲ್ಲೂ ಓಡುವ ಆರು ಅಥವಾ ಎಂಟು ಚಕ್ರದ ಸಣ್ಣ ವಾಹನಗಳನ್ನು 1960ರ ದಶಕದಿಂದಲೂ ತಯಾರಿಸುತ್ತಿದ್ದಾರೆ. ಅಲ್ಲಿನ ಜನ ಮನೆಯ ಸುತ್ತಲಿನ ಜವುಗು ನೆಲದಲ್ಲಿ ಸೌದೆ, ಮಣ್ಣು, ಬೇಲಿಯ ಕಂಬ ಸಾಗಿಸಲು ಇವುಗಳನ್ನು ಬಳಸುತ್ತಾರೆ. ಇವುಗಳ ಗುಟ್ಟು ಎಂಜಿನಿನ ಬಲದಲ್ಲಿಲ್ಲ. ಅಗಲವಾದ, ಕಡಿಮೆ ಗಾಳಿ ತುಂಬಿದ ಟೈರುಗಳಲ್ಲಿದೆ. ಭಾರವು ಹೆಚ್ಚು ನೆಲದ ಮೇಲೆ ಹಂಚಿಹೋಗುವುದರಿಂದ ವಾಹನ ಹೂಳುವುದಿಲ್ಲ.

ಈ ವಾಹನ ಸಾಗಾಟಕ್ಕೆ ಸೈ, ಗದ್ದೆ ಉಳುವುದಕ್ಕಲ್ಲ. ಆದರೆ ಅದರ ತತ್ವ ನಮಗೆ ಬೇಕಾದದ್ದು. 60 ಕಿ.ಗ್ರಾಂ ತೂಕದ ಮನುಷ್ಯ ಒಂದು ಪಾದದ ಮೇಲೆ ನಿಂತಾಗ ನೆಲದ ಪ್ರತಿ ಚದರ ಸೆಂ.ಮೀ. ಮೇಲೆ ಸುಮಾರು 0.3 ಕಿ.ಗ್ರಾಂ ಒತ್ತಡ ಬೀಳುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟೈರಿನ ಕೆಳಗೆ ಇದು ಒಂದು ಕಿ.ಗ್ರಾಂ ಆಸುಪಾಸಿಗೆ ಏರುತ್ತದೆ. ಬೈಲಿನಲ್ಲಿ ಟ್ರ್ಯಾಕ್ಟರ್ ಸಿಕ್ಕಿಕೊಂಡಾಗ ಹೆಚ್ಚು ಅಶ್ವಶಕ್ತಿಯ ಟ್ರ್ಯಾಕ್ಟರ್ ತರುವುದು ಪರಿಹಾರವಲ್ಲ. ಅದು ಇನ್ನೂ ಭಾರವಾಗಿರುವುದರಿಂದ ಇನ್ನೂ ಆಳಕ್ಕೆ ಹೋಗುತ್ತದೆ.

ನಮ್ಮ ನೆಲಕ್ಕೆ ಒಗ್ಗಿದ ಯಂತ್ರ

ಈ ದೃಷ್ಟಿಯಿಂದ ನಮ್ಮ ಗದ್ದೆಗಳಿಗೆ ಹೊಂದುವುದು ಪವರ್ ಟಿಲ್ಲರ್. ಜಪಾನಿನ ಸಣ್ಣ ಭತ್ತದ ಗದ್ದೆಗಳಿಗಾಗಿ ರೂಪುಗೊಂಡ ಈ ಯಂತ್ರ ನಮ್ಮಲ್ಲಿಯೂ ಬಹಳ ಕಾಲದಿಂದ ತಯಾರಾಗುತ್ತಿದೆ. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ 1967ರಲ್ಲಿ, ಕೇರಳದ ಅತ್ತಾಣಿಯ ಕ್ಯಾಮ್ಕೋ 1973ರಲ್ಲಿ ಸ್ಥಾಪನೆಯಾದವು. ಸಾಮಾನ್ಯವಾಗಿ ಬಳಸುವ 12ರಿಂದ 15 ಅಶ್ವಶಕ್ತಿಯ ಟಿಲ್ಲರಿನ ತೂಕ ಸುಮಾರು 400ರಿಂದ 500 ಕಿ.ಗ್ರಾಂ. ಟೈರು ಬಿಚ್ಚಿ ಕಬ್ಬಿಣದ ಕೇಜ್‌ವೀಲ್ ಹಾಕಿದರೆ ಕೆಸರಿನಲ್ಲಿ ನಡೆಯುತ್ತದೆ. ಮತ್ತೆ ಟೈರು ಹಾಕಿ ಟ್ರೈಲರ್ ಜೋಡಿಸಿದರೆ ಗೊಬ್ಬರ, ಸೊಪ್ಪು, ಅಡಿಕೆ, ತೆಂಗಿನಕಾಯಿ ಹೊರುತ್ತದೆ. ಬೆಲ್ಟ್ ಹಾಕಿದರೆ ಪಂಪು ತಿರುಗಿಸುತ್ತದೆ.

ಗದ್ದೆಗಿಳಿಸುವ ಮೊದಲು

ವರ್ಷಗಟ್ಟಲೆ ಭತ್ತ ಬೆಳೆದ ಗದ್ದೆಯಲ್ಲಿ ಉಳುಮೆಯ ಪದರದ ಕೆಳಗೆ ಒಂದು ಗಟ್ಟಿ ಪದರ ಇರುತ್ತದೆ. ಕೇಜ್‌ವೀಲ್ ನಿಲ್ಲುವುದು ಇದರ ಮೇಲೆಯೇ. ತೋಡಿನ ಬದಿಯಲ್ಲಿ, ಒರತೆ ಏಳುವ ಜಾಗದಲ್ಲಿ, ಹೂಳು ತುಂಬಿದ ಹಡಿಲು ಗದ್ದೆಯಲ್ಲಿ ಈ ಪದರ ಇಲ್ಲದಿರಬಹುದು. ಆದ್ದರಿಂದ ಯಂತ್ರಕ್ಕಿಂತ ಮೊದಲು ರೈತನೇ ಗದ್ದೆಯಲ್ಲಿ ಅಡ್ಡಲಾಗಿ, ಉದ್ದಕ್ಕೆ ನಡೆದು ನೋಡತಕ್ಕದ್ದು.

1. ಕಾಲು ಹರಡಿನವರೆಗೆ ಮಾತ್ರ ಇಳಿದರೆ ಟಿಲ್ಲರ್ ನಿರಾತಂಕವಾಗಿ ನಡೆಯುತ್ತದೆ.

2. ಮೀನಖಂಡದವರೆಗೆ ಇಳಿದರೆ ಕೇಜ್‌ವೀಲ್ ಕಡ್ಡಾಯ. ಒಂದೇ ಕಡೆ ನಿಲ್ಲಿಸದೆ, ಚಿಕ್ಕ ತಿರುವು ತೆಗೆದುಕೊಳ್ಳದೆ ಉಳಬೇಕು.

3. ಮೊಣಕಾಲಿನವರೆಗೆ ಇಳಿಯುವ ಜಾಗಕ್ಕೆ ಯಂತ್ರ ಇಳಿಸಬಾರದು. ಅಲ್ಲಿ ಒಂದು ಗೂಟ ನೆಟ್ಟು ಗುರುತು ಮಾಡಿ. ಬಾಡಿಗೆಗೆ ಬರುವ ಚಾಲಕನಿಗೆ ನಿಮ್ಮ ಗದ್ದೆಯ ಗುಣ ಗೊತ್ತಿರುವುದಿಲ್ಲ.

ಕೆಸರು ಮಾಡುವಾಗ ಗದ್ದೆಯಲ್ಲಿ ಸುಮಾರು 5 ಸೆಂ.ಮೀ. ನೀರು ನಿಂತರೆ ಸಾಕು. ಹೆಚ್ಚಾದರೆ ಹೆಂಟೆಗಳು, ಬದುವಿನ ಅಂಚು, ಕಲ್ಲು ಯಾವುದೂ ಕಾಣುವುದಿಲ್ಲ. ರೋಟರಿಯ ಅಗಲ ಸುಮಾರು 60 ಸೆಂ.ಮೀ. ಇರುವುದರಿಂದ ಒಂದು ಎಕರೆಗೆ ಒಂದು ಸಾಲು ಉಳಲು ಚಾಲಕ 6.7 ಕಿ.ಮೀ. ನಡೆಯಬೇಕು. ಗಂಟೆಗೆ 2 ಕಿ.ಮೀ. ವೇಗದಲ್ಲಿ ಇದಕ್ಕೆ ಸುಮಾರು ಮೂರೂವರೆ ಗಂಟೆ, ಎರಡು ಸಾಲಿಗೆ ಏಳು ಗಂಟೆ ಬೇಕು. ಕೆಸರಿನಲ್ಲಿ ಇಷ್ಟು ನಡೆದವನ ಕೈಕಾಲು ಸೋಲುವುದು ಖಂಡಿತ. ಅಪಘಾತಗಳಿಗೆ ದಣಿವೂ ಕಾರಣ. ಇಬ್ಬರು ಸರದಿಯಲ್ಲಿ ಉಳುವುದು ಒಳ್ಳೆಯದು.

ಟಿಲ್ಲರ್ ತೇಲುವ ಯಂತ್ರವಲ್ಲ. ನೆರೆ ಬಂದ ತೋಡನ್ನು ಅದರಲ್ಲಿ ದಾಟಲು ಹೋಗಬಾರದು. ನೀರಿನಲ್ಲಿ ಮುಳುಗಿದ ಎಂಜಿನನ್ನು ಕೂಡಲೇ ಚಾಲೂ ಮಾಡಿದರೆ ಒಳಹೊಕ್ಕ ನೀರಿನಿಂದ ಅದು ಮುರಿಯುತ್ತದೆ. ಮೆಕ್ಯಾನಿಕ್‌ನಿಂದ ಬಿಚ್ಚಿಸಿ ಒಣಗಿಸಬೇಕು. ಗೇರುಪೆಟ್ಟಿಗೆಯ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ತಿಳಿದು ಬದಲಾಯಿಸಿ. ಕಾಪು, ಮಟ್ಟು, ಉದ್ಯಾವರದ ಕಡೆ ಉಪ್ಪುನೀರಿನ ಸೋಂಕಿರುವ ಗದ್ದೆಗಳಲ್ಲಿ ಕೆಲಸ ಮಾಡಿದ ದಿನವೇ ಸಿಹಿನೀರಿನಿಂದ ತೊಳೆದು ಗ್ರೀಸ್ ಹಾಕಬೇಕು.

ಇಳಿಜಾರಿನ ಅಪಾಯ

ಕಾರ್ಕಳದ ಗುಡ್ಡದ ಬದಿಯ ತೋಟಗಳಲ್ಲಿ, ಮಣಿಪಾಲದ ಸುತ್ತಲಿನ ಮುರಕಲ್ಲಿನ ಇಳಿಜಾರುಗಳಲ್ಲಿ ಟಿಲ್ಲರ್ ನಡೆಸುವ ಪ್ರತಿಯೊಬ್ಬರೂ ಒಂದು ಸಂಗತಿಯನ್ನು ತಪ್ಪದೆ ತಿಳಿದಿರಬೇಕು. ಸಮನೆಲದಲ್ಲಿ ಎಡಗೈಯ ಸ್ಟಿಯರಿಂಗ್ ಕ್ಲಚ್ ಒತ್ತಿದರೆ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಇಳಿಯುವಾಗ ಅದೇ ಕ್ಲಚ್ ಒತ್ತಿದರೆ ಬಲಕ್ಕೆ ತಿರುಗುತ್ತದೆ. ಇಳಿಯುವಾಗ ಎಂಜಿನ್ ಎರಡೂ ಚಕ್ರಗಳನ್ನು ತಡೆದು ಹಿಡಿದಿರುತ್ತದೆ. ಎಡ ಕ್ಲಚ್ ಒತ್ತಿದೊಡನೆ ಎಡಚಕ್ರ ಆ ಹಿಡಿತದಿಂದ ಬಿಟ್ಟುಕೊಂಡು ವೇಗವಾಗಿ ಉರುಳುತ್ತದೆ, ಬಲಚಕ್ರ ನಿಧಾನವಾಗಿಯೇ ಇರುತ್ತದೆ. ಇದನ್ನರಿಯದವನು ಗಾಬರಿಯಿಂದ ಕ್ಲಚ್ಚನ್ನು ಇನ್ನೂ ಬಲವಾಗಿ ಒತ್ತುತ್ತಾನೆ. ಯಂತ್ರ ಧರೆಯಿಂದ ಕೆಳಗುರುಳುತ್ತದೆ.

ಆದುದರಿಂದ ಇಳಿಜಾರು ಆರಂಭವಾಗುವ ಮೊದಲೇ ಕೆಳಗೇರಿಗೆ ಹಾಕಿ. ನಡುವೆ ಗೇರು ಬದಲಿಸಬೇಡಿ, ನ್ಯೂಟ್ರಲ್ ಮಾಡಬೇಡಿ. ಸ್ಟಿಯರಿಂಗ್ ಕ್ಲಚ್ ಮುಟ್ಟದೆ ಹಿಡಿಕೆಯನ್ನೇ ತಳ್ಳಿ ತಿರುಗಿಸಿ. ಟ್ರೈಲರಿಗೆ ಸಮರಸ್ತೆಯಲ್ಲಿ ಹಾಕುವ ಹೊರೆಯ ಅರ್ಧಕ್ಕಿಂತ ಹೆಚ್ಚು ಹಾಕಬೇಡಿ. ಹೊರೆಯ ಮೇಲೆ ಆಳುಗಳನ್ನು, ಮಕ್ಕಳನ್ನು ಕೂರಿಸಬೇಡಿ. ರೋಟರಿ ತಿರುಗುತ್ತಿರುವಾಗ ಹಿಂದಕ್ಕೆ ತೆಗೆಯಬಾರದು. ಅಲಗುಗಳ ಹಿಂದೆ ಇರುವುದು ಚಾಲಕನ ಕಾಲುಗಳೇ. ರೋಟರಿಗೆ ಸುತ್ತಿದ ಹುಲ್ಲನ್ನು ಎಂಜಿನ್ ನಿಲ್ಲಿಸಿದ ಮೇಲೆಯೇ ಬಿಡಿಸಿ. ಕಾಲಿಗೆ ಗಾಯವಾಗಿದ್ದರೆ ಕೆಸರಿಗಿಳಿಯಬೇಡಿ. ಇಲಿಜ್ವರ ತಗಲುವ ಸಂಭವವಿದೆ.

ಅಡಿಕೆಯ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ತೋಟದೊಳಗೆ ಟಿಲ್ಲರನ್ನು ಸಾಗಾಟಕ್ಕೆ ಮಾತ್ರ ಬಳಸಿ. ರೋಟರಿ ಹಾಕಿ ಉತ್ತರೆ ಬೇರು ಕಡಿದುಹೋಗುತ್ತದೆ, ಮಳೆಗೆ ಮಣ್ಣೂ ಕೊಚ್ಚಿಹೋಗುತ್ತದೆ. ಕಳೆಗೆ ಹುಲ್ಲು ಕತ್ತರಿಸುವ ಯಂತ್ರ ಸಾಕು.

ಕೊಳ್ಳುವುದೋ, ಬಾಡಿಗೆಯೋ?

ಒಂದು ಎಕರೆ ಏಣೇಲಿಗೆ ಏಳು ಗಂಟೆಯ ಕೆಲಸ ಎಂದೆವು. ಸುಗ್ಗಿ ಬೆಳೆಯೂ ಇದ್ದರೆ ಹದಿನಾಲ್ಕು ಗಂಟೆ. ವರ್ಷಕ್ಕೆ ಎರಡು ದಿನದ ಉಳುಮೆಗಾಗಿ ಒಂದು ಎಕರೆಯ ರೈತ ಸಾಲ ಮಾಡಿ ಯಂತ್ರ ಕೊಳ್ಳುವುದು ಲಾಭದಾಯಕವಲ್ಲ. ಕರ್ನಾಟಕದಲ್ಲಿ 2014ರಿಂದ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಬಾಡಿಗೆಗೆ ಪಡೆಯುವುದು ಮೇಲು. ತೋಟ, ಸಾಗಾಟ, ನೆರೆಯವರ ಉಳುಮೆ ಎಲ್ಲ ಸೇರಿ ವರ್ಷವಿಡೀ ಕೆಲಸವಿರುವವರು, ಇಲ್ಲವೇ ಒಂದೇ ಬೈಲಿನ ಐದಾರು ಮನೆಯವರು ಕೂಡಿ ಕೊಳ್ಳಬಹುದು.

ಬಾಡಿಗೆಗೆ ತಂದರೂ, ಕೊಂಡರೂ ಇನ್ನೊಂದು ತೊಡಕಿದೆ. ನಮ್ಮ ಬೈಲುಗಳಲ್ಲಿ ಗದ್ದೆಯಿಂದ ಗದ್ದೆಗೆ ಬೇರೆ ದಾರಿಯಿಲ್ಲ. ದಾರಿಬದಿಯ ಗದ್ದೆಯವನು ಮೊದಲೇ ನೇಜಿ ನೆಟ್ಟರೆ ಒಳಗಿನವನ ಗದ್ದೆಗೆ ಯಂತ್ರ ಹೋಗಲಾರದು. ಒಂದು ವರ್ಷ ಬಿಟ್ಟ ಗದ್ದೆಯ ಬದು ಒಡೆಯುತ್ತದೆ, ಕಳೆ ತುಂಬುತ್ತದೆ. ಮುಂದೆ ಅದು ಹಡಿಲು ಬೀಳುತ್ತದೆ. 2021ರಲ್ಲಿ ಉಡುಪಿಯಲ್ಲಿ ನಡೆದ ಹಡಿಲು ಭೂಮಿ ಕೃಷಿ ಆಂದೋಲನದಿಂದ ಇಂತಹ ಎಷ್ಟೋ ಗದ್ದೆಗಳಿಗೆ ಭತ್ತ ಮರಳಿತು. ಹಾಗೆ ಹಡಿಲು ಬೀಳದಂತೆ ತಡೆಯುವುದು ಇನ್ನೂ ಸುಲಭ. ಮೇ ತಿಂಗಳಲ್ಲೇ ಬೈಲಿನವರೆಲ್ಲ ಸೇರಿ, ಒಳಗಿನ ಗದ್ದೆಯಿಂದ ದಾರಿಬದಿಗೆ ಬರುವಂತೆ ಉಳುಮೆಯ ಸರದಿ ಗೊತ್ತುಮಾಡಿ, ಯಂತ್ರವನ್ನು ಒಟ್ಟಿಗೆ ಕಾದಿರಿಸಬೇಕು. ಬದುವಿನಲ್ಲಿ ಯಂತ್ರ ದಾಟುವ ಒಂದು ಕಡೆ ಇಳಿಜಾರು ಮಾಡಿ ತೆಂಗಿನ ಕೊರಡು ಹಾಸಿದರೆ ಬದುವೂ ಉಳಿಯುತ್ತದೆ.

ಸಹಾಯಧನದ ವಿವರಗಳಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೂ, ತಾಂತ್ರಿಕ ಸಲಹೆಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನೂ ಸಂಪರ್ಕಿಸಬಹುದು. ಯಂತ್ರ ಆರಿಸುವಾಗ ಅಶ್ವಶಕ್ತಿಯನ್ನು ಕೊನೆಗೆ ನೋಡಿ. ಗದ್ದೆಯ ಕೆಸರು, ತೋಟದ ಇಳಿಜಾರು, ಬೈಲಿನ ದಾರಿ ಇವು ಮೂರನ್ನೂ ಮೊದಲು ನೋಡಿ.